ಲಂಡನ್‌ನಲ್ಲಿ ಬಿಟ್ಟಿ ಚಿತ್ರ ನೋಡುವ ಸುಖ

ದುಡ್ಡು ಕೊಟ್ಟು ಮ್ಯೂಸಿಯಂ ಒಳಗೆ ಹೋದರೆ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಪ್ಯಾರಿಸ್‌ನ ಲೂವ್ರ್‌ನಲ್ಲಿ ಹಾಗೇ ಆಗಿತ್ತು. ಅಷ್ಟು ಯೂರೋ ತೆತ್ತ ಮೇಲೆ ಒಂದು ಕೋಣೆಯನ್ನಾದರೂ ಬಿಡೋದುಂಟಾ? ಸಂಜೆವರೆಗೆ ಸುತ್ತಿದ್ದೇ ಸುತ್ತಿದ್ದು. ಈಗ ಚೆನ್ನಾಗಿ ನೆನಪಿರುವುದು ಮೋನಾಲಿಸಾ ಮುಂದೆ ಮೇಲೆದ್ದಿದ್ದ ಮೊಬೈಲುಗಳು.

ಲಂಡನ್‌ನಲ್ಲಿ ಈ ಕಾಟ ಇಲ್ಲ. ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್, ವಿಕ್ಟೋರಿಯಾ ಆಂಡ್ ಆಲ್ಬರ್ಟ್, ವಾಲೇಸ್ ಕಲೆಕ್ಷನ್, ಯಾವುದಕ್ಕೂ ಪ್ರವೇಶಕ್ಕೆ ದುಡ್ಡಿಲ್ಲ. ವಿಶೇಷ ಪ್ರದರ್ಶನಕ್ಕೆ ಮಾತ್ರ ಟಿಕೆಟ್, ಅದು ಸ್ವಲ್ಪ ಜಾಸ್ತಿಯೇ. ಮೊದಲು ಕೆಲವು ಸರ್ಕಾರಿ ಮ್ಯೂಸಿಯಂಗಳು ಟಿಕೆಟ್ ಇಟ್ಟಿದ್ದವು. 2001ರ ಕೊನೆಗೆ ಅವೂ ಬಾಗಿಲು ತೆರೆದಿಟ್ಟವು.

ಅಮ್ಮ ನಮ್ಮಲ್ಲಿಗೆ ಬಂದಿದ್ದಾಗ ಒಂದು ಶನಿವಾರ ಟ್ರಫಾಲ್ಗರ್ ಚೌಕದಲ್ಲಿ ಮಳೆ ಹಿಡಿಯಿತು. ಎದುರಿಗೇ ನ್ಯಾಷನಲ್ ಗ್ಯಾಲರಿ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಮುಗಿದ ಮೇಲೂ ಅಮ್ಮ ಪರ್ಸ್ ಕೈಯಲ್ಲೇ ಹಿಡಿದುಕೊಂಡಿದ್ದಳು.

"ಟಿಕೆಟ್ ಎಲ್ಲಿ ತಗೋಬೇಕು?"

"ಇಲ್ಲಮ್ಮ, ಫ್ರೀ."

"ಪೂರ್ತಿನಾ? ಒಳಗೆ ಹೋದ ಮೇಲೆ ಕೇಳ್ತಾರೇನೋ!"

ಯಾರೂ ಕೇಳಲಿಲ್ಲ. ದೇಣಿಗೆ ಪೆಟ್ಟಿಗೆ ಇತ್ತು, ಹಾಕಿದರೆ ಹಾಕಬಹುದು. ಅಮ್ಮ ಅದಕ್ಕೆ ದೇವಸ್ಥಾನದ ಹುಂಡಿಗೆ ಹಾಕುವ ಹಾಗೆ ಕಣ್ಣಿಗೊತ್ತಿಕೊಂಡು ಒಂದು ನಾಣ್ಯ ಹಾಕಿದಳು.

ಒಳಗೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳ ಸಂಗ್ರಹ. ಅಮ್ಮ ನಿಂತದ್ದು ಒಂದು ಮೀಟರ್ ಎತ್ತರವೂ ಇಲ್ಲದ ಒಂದು ಚಿತ್ರದ ಮುಂದೆ. ಯಾನ್ ವ್ಯಾನ್ ಐಕ್ 1434ರಲ್ಲಿ ಬರೆದದ್ದು. ಅರ್ನೊಲ್ಫಿನಿ ಎಂಬ ವ್ಯಾಪಾರಿ, ಪಕ್ಕದಲ್ಲಿ ಹಸಿರು ನಿಲುವಂಗಿಯ ಹೆಂಗಸು, ಕಾಲ ಬಳಿ ಒಂದು ಪುಟ್ಟ ನಾಯಿ. ಜನ ಸಾಮಾನ್ಯವಾಗಿ ಹಿಂದಿನ ಗೋಡೆಯ ದುಂಡು ಕನ್ನಡಿಯನ್ನು ಹುಡುಕುತ್ತಾರೆ. ಅದರಲ್ಲಿ ಇಡೀ ಕೋಣೆ ಉಲ್ಟಾ ಕಡೆಯಿಂದ ಕಾಣುತ್ತದೆ, ಬಾಗಿಲಲ್ಲಿ ನಿಂತ ಇನ್ನಿಬ್ಬರೂ ಕಾಣುತ್ತಾರೆ. ಕನ್ನಡಿಯ ಮೇಲೆ 'ಯಾನ್ ವ್ಯಾನ್ ಐಕ್ ಇಲ್ಲಿದ್ದ' ಅಂತ ಲ್ಯಾಟಿನ್‌ನಲ್ಲಿ ಬರೆದಿದೆ. ನಾನು ಅದನ್ನೆಲ್ಲ ಹೇಳಲು ಶುರು ಮಾಡಿದೆ. ಅಮ್ಮ ಕೇಳುತ್ತಲೇ ಇರಲಿಲ್ಲ.

"ಚಪ್ಪಲಿ ಬಿಟ್ಟು ನಿಂತಿದ್ದಾರೆ ನೋಡು" ಅಂದಳು.

ಹೌದು, ಎಡಗಡೆ ಮೂಲೆಯಲ್ಲಿ ಮರದ ಪಾದರಕ್ಷೆ ಬಿಟ್ಟಿದ್ದಾರೆ. ಹಿಂದೆ ಕೆಂಪು ಬಣ್ಣದ ಇನ್ನೊಂದು ಜೊತೆ. ಆಮೇಲೆ ಅವಳದೇ ಲೆಕ್ಕ ಶುರುವಾಯಿತು. ಹಗಲು ಹೊತ್ತಿನಲ್ಲಿ ಮೇಣದಬತ್ತಿ ಯಾಕೆ, ಅದೂ ಒಂದೇ ಒಂದು? ಕಿಟಕಿಯಲ್ಲಿ ಕಿತ್ತಳೆ ಹಣ್ಣು ಯಾಕೆ ಇಟ್ಟಿದ್ದಾರೆ? ಹೆಂಗಸು ಬಸುರಿ ತಾನೇ? ಅಲ್ಲವಂತೆ, ಆ ಕಾಲದ ಬಟ್ಟೆಯೇ ಹಾಗೆ, ರಾಶಿ ಬಟ್ಟೆಯನ್ನು ಮುಂದೆ ಎತ್ತಿ ಹಿಡಿದಿದ್ದಾಳೆ ಅಂದೆ. ಅಮ್ಮ ನಂಬಲಿಲ್ಲ. ಮೂರು ಹೆತ್ತವಳು, ನಾನೇನು ಹೇಳಲಿ?

ಪಕ್ಕದ ಬೆಂಚಿನಲ್ಲಿ ಕೂತೆವು. ಎದ್ದು ಹೋಗಿ ನೋಡುವುದು, ಬಂದು ಕೂರುವುದು. ಅರ್ಧ ಗಂಟೆ ಕಳೆದಿರಬೇಕು. ಟಿಕೆಟ್ ಕೊಂಡಿದ್ದರೆ ನಾನೇ ಅವಳನ್ನು ಎಬ್ಬಿಸಿಕೊಂಡು ಹೋಗುತ್ತಿದ್ದೆ, ಅನುಮಾನವೇ ಇಲ್ಲ.

ಆಮೇಲೆ ಹೋಲ್ಬೈನ್‌ನ 'ರಾಯಭಾರಿಗಳು', 1533ರದ್ದು. ಆಳೆತ್ತರದ ಇಬ್ಬರು ದೊಡ್ಡ ಮನುಷ್ಯರು, ನಡುವೆ ಗ್ಲೋಬು, ತಂತಿ ಕಿತ್ತ ವಾದ್ಯ. ಕೆಳಗೆ ನೆಲದ ಮೇಲೆ ಓರೆಯಾಗಿ ಎಂಥದೋ ಬೂದು ಬಣ್ಣದ ಪಟ್ಟೆ. ಬಲಗಡೆ ತುದಿಗೆ, ಗೋಡೆಯ ಹತ್ತಿರ ಹೋಗಿ ಓರೆಗಣ್ಣಿನಿಂದ ನೋಡಿದರೆ ಅದು ತಲೆಬುರುಡೆ! ಅಮ್ಮ "ಅಯ್ಯೋ" ಅಂತ ಹಿಂದೆ ಸರಿದಳು. ಮತ್ತೆ ತಾನೇ ಹೋಗಿ ನೋಡಿದಳು. ವ್ಯಾನ್ ಗೋನ ಸೂರ್ಯಕಾಂತಿಗೆ ಗುಂಪು ಮುತ್ತಿತ್ತು, ಬಿಟ್ಟುಬಿಟ್ಟೆವು.

ಅಮ್ಮನ ಬ್ಯಾಗಿನಲ್ಲಿ ಚಪಾತಿ ಸುರುಳಿ ಇತ್ತು. ಒಳಗೆ ತಿನ್ನುವಂತಿಲ್ಲ. ಇದಕ್ಕೊಂದು ಹಳೇ ಕಥೆ ಇದೆ. 1850ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಗ್ಯಾಲರಿಯ ಉಸ್ತುವಾರಿ ಥಾಮಸ್ ಉವಿನ್ಸ್ ದೂರಿದ್ದ: ಹಳ್ಳಿ ಕಡೆಯ ಜನ ಬುತ್ತಿ ಬುಟ್ಟಿ ತಂದು, ಕುರ್ಚಿ ಸುತ್ತ ಎಳೆದುಕೊಂಡು ಚಿತ್ರಗಳ ಮಧ್ಯೆಯೇ ಊಟಕ್ಕೆ ಕೂರುತ್ತಾರೆ ಅಂತ. ಬೇಡ ಅನ್ನಲು ಹೋದವನಿಗೂ ಒಂದು ಲೋಟ ಜಿನ್ ಕೊಡಲು ಬಂದರಂತೆ! ಊರಿನ ಹೊಗೆ, ಧೂಳಿನಿಂದ ಚಿತ್ರಗಳು ಹಾಳಾಗುತ್ತವೆ, ದೂರ ಸಾಗಿಸೋಣ ಎಂಬ ಚರ್ಚೆಯೂ ಆಗ ನಡೆದಿತ್ತು. ಕೊನೆಗೆ ಚಿತ್ರಗಳು ಊರ ನಡುವೆಯೇ ಉಳಿದವು. ದೂರ ಹೋಗಿದ್ದರೆ ನಮ್ಮಂಥವರು ಮಳೆಗೆ ಅಂತ ಒಳಗೆ ನುಗ್ಗುವುದು ಹೇಗೆ? ಮಳೆ ನಿಂತಿತ್ತು, ನಾವು ಹೊರಗೆ ಚೌಕದಲ್ಲಿ ಕೂತು ತಿಂದೆವು.

ಇನ್ನೂ ಮಧ್ಯಾಹ್ನ. ಟ್ಯೂಬ್ ರೈಲು ಹಿಡಿದು ಸೌತ್ ಕೆನ್ಸಿಂಗ್ಟನ್‌ಗೆ ಹೋದೆವು. ವಿಕ್ಟೋರಿಯಾ ಆಂಡ್ ಆಲ್ಬರ್ಟ್‌ನಲ್ಲಿ ಟಿಪ್ಪುವಿನ ಹುಲಿ ಇತ್ತಲ್ಲ, ಅದನ್ನು ತೋರಿಸಬೇಕಿತ್ತು. ಮರದ ಹುಲಿ, ಅದರ ಕೆಳಗೆ ಅಂಗಾತ ಬಿದ್ದ ಯುರೋಪಿನ ಮನುಷ್ಯ. ಪಕ್ಕದಲ್ಲಿ ಹಿಡಿ ಇದೆ. ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾ ಕೈ ಎತ್ತುತ್ತಾನೆ. ಹುಲಿಯ ಹೊಟ್ಟೆಯೊಳಗೆ ಆರ್ಗನ್ ಎಂಬ ವಾದ್ಯ ಕೂಡ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯವರು ಹೊತ್ತು ತಂದದ್ದು. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದರು, ಬಂದ ಜನ ಹಿಡಿ ತಿರುಗಿಸಿ ತಿರುಗಿಸಿ ಮಜಾ ತಗೊಳ್ಳುತ್ತಿದ್ದರು. ಈಗ ಗಾಜಿನ ಹಿಂದೆ.

ಅಮ್ಮ ಗಾಜಿನ ಪೆಟ್ಟಿಗೆಗೆ ಒಂದು ಸುತ್ತು ಹಾಕಿದಳು. ಇಲ್ಲಿ ದೇಣಿಗೆ ಪೆಟ್ಟಿಗೆಯತ್ತ ತಿರುಗಿಯೂ ನೋಡಿರಲಿಲ್ಲ. ಯಾಕಮ್ಮ ಅಂದೆ.

"ನಮ್ಮಿಂದ ತಂದದ್ದನ್ನು ನೋಡೋಕೆ ನಾವೇ ದುಡ್ಡು ಕೊಡೋದಾ?"

ಆ ಕಟ್ಟಡದಲ್ಲಿ ನೋಡಲು ಇನ್ನೂ ಬೇಕಾದಷ್ಟಿತ್ತು. ಅಮ್ಮನಿಗೆ ಮಂಡಿ ನೋವು, ನನಗೆ ಕಾಫಿ ಬೇಕಿತ್ತು. ಹೊರಟುಬಿಟ್ಟೆವು.