ಮೂರನೆಯ ಚೀಟಿ

ಮಂಗಳವಾರ, 11 ಮಾರ್ಚ್ 2025

ಇವತ್ತು ಹೊರರೋಗಿ ವಿಭಾಗದ ರಿಜಿಸ್ಟರಿನ ಕೊನೆಯ ಪುಟಕ್ಕೆ ಪೆನ್ಸಿಲ್ಲಿನಿಂದ ನಡುಗೆರೆ ಎಳೆದೆ. ಹೊಸ ತೊಂದರೆ ಎಂದು ಬಂದವರು, ಇಂಥ ದಿನ ಬನ್ನಿ ಎಂದು ನಾವೇ ಕರೆದವರು ಎಡಕ್ಕೆ. ಕಳೆದ ಸಲ ನಾವು ಏನನ್ನೋ ಬಿಟ್ಟದ್ದರಿಂದ ಮತ್ತೆ ಬಂದವರು, ಫೋನ್ ಮಾಡಿದವರು ಬಲಕ್ಕೆ. ಹನ್ನೊಂದು ಗಂಟೆಗೆಲ್ಲ ಬಲಗಡೆಯೇ ಮುಂದಿತ್ತು. ಆಮೇಲಿನ ನೂಕುನುಗ್ಗಲಿನಲ್ಲಿ ಎಣಿಕೆ ತಪ್ಪಿತು, ಆದ್ದರಿಂದ ಇದನ್ನು ಲೆಕ್ಕ ಎಂದು ಯಾರಿಗೂ ತೋರಿಸುವಂತಿಲ್ಲ.

ಈ ವಿಂಗಡಣೆ ನನ್ನದಲ್ಲ. ಬ್ರಿಟನ್ನಿನ ಜಾನ್ ಸೆಡನ್ ಸೇವಾ ಸಂಸ್ಥೆಗಳ ಕೆಲಸವನ್ನು ನೋಡಿ ಮಾಡಿದ್ದು. ಮೊದಲ ಸಲ ಮಾಡದೆ ಬಿಟ್ಟದ್ದರಿಂದ ಅಥವಾ ಸರಿಯಾಗಿ ಮಾಡದ್ದರಿಂದ ಮರಳಿ ಬರುವ ಕೆಲಸಕ್ಕೆ ಅವರು ‘ವೈಫಲ್ಯದ ಬೇಡಿಕೆ’ ಎಂದರು. ನಮ್ಮ ತಿಂಗಳ ವರದಿಯಲ್ಲಿ ಅಂಥ ಕಲಂ ಇಲ್ಲ. ಎಲ್ಲವೂ ‘ಒಟ್ಟು ರೋಗಿಗಳು’. ಸಂಖ್ಯೆ ಏರಿದರೆ ನಾವು ಬಹಳ ದುಡಿದೆವು ಎಂದು ಅರ್ಥ.

ಬಲಗಡೆಯ ಒಂದು ಗೆರೆಯ ಕತೆಯನ್ನು ಬರೆದಿಡಬೇಕು. ಎಪ್ಪತ್ತು ದಾಟಿದ ಹಿರಿಯರೊಬ್ಬರು, ಎದ್ದು ನಿಂತರೆ ತಲೆ ಸುತ್ತುತ್ತದೆ ಎಂದು ಬಂದಿದ್ದರು. ಒಂದೂವರೆ ತಿಂಗಳಲ್ಲಿ ಇದು ಮೂರನೆಯ ಭೇಟಿ. ಮೊದಲನೆಯದು ಬಿ.ಪಿ. ಹೆಚ್ಚಾಗಿದೆ ಎಂದು, ಆಗ ಒಂದು ಮಾತ್ರೆ ಬರೆದು, ಕೆಳಗೆ ‘ಹಳೆಯ ಔಷಧಿಗಳನ್ನು ಮುಂದುವರಿಸಿ’ ಎಂದು ಸೇರಿಸಲಾಗಿತ್ತು. ಎರಡನೆಯದು ಪಾದ ಊದಿದೆ ಎಂದು. ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟು ಕಳುಹಿಸಿದ್ದರು. ಊತ ಇಳಿಯಲಿಲ್ಲ, ರಾತ್ರಿ ನಿದ್ದೆ ಹೋಯಿತು, ಈಗ ತಲೆ ಸುತ್ತು.

“ಮನೆಯಲ್ಲಿರುವ ಮಾತ್ರೆಗಳನ್ನು ತಂದಿದ್ದೀರಾ?” ಎಂದು ಕೇಳಿದೆ. ಚೀಲವನ್ನು ಮೇಜಿನ ಮೇಲೆ ಸುರಿದರು. ಎರಡು ಸ್ಟ್ರಿಪ್, ಎರಡು ಕಂಪನಿ, ಎರಡು ಬಣ್ಣ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಇರುವುದು ಒಂದೇ ಬಿ.ಪಿ. ಔಷಧಿ, ಅಮ್ಲೋಡಿಪಿನ್. ಆ ಔಷಧಿಯ ಪ್ರಮಾಣ ಹೆಚ್ಚಾದಷ್ಟೂ ಪಾದ ಊದುವುದು ಹೆಚ್ಚು ಎಂದು ನರ್ಸಿಂಗ್ ಮೊದಲ ವರ್ಷದವರಿಗೂ ಗೊತ್ತು. ಮೂತ್ರದ ಮಾತ್ರೆಗೆ ಆ ಊತ ಅಷ್ಟಾಗಿ ಬಗ್ಗುವುದೂ ಇಲ್ಲ. ನಾವು ಕೊಟ್ಟ ಔಷಧಿಯ ತೊಂದರೆಗೆ ನಾವೇ ಇನ್ನೊಂದು ಔಷಧಿ ಕೊಟ್ಟು, ಅದರ ತೊಂದರೆಗೆ ಇವತ್ತು ಇನ್ನೊಂದು ಚೀಟಿ ಬರೆಯಲು ಪೆನ್ನು ತೆಗೆದಿದ್ದೆವು.

ಹಿರಿಯರು ಸುಮ್ಮನಿದ್ದವರೇನಲ್ಲ. “ಎರಡೂ ನುಂಗಬೇಕೇ ಎಂದು ಕೇಳಬೇಕೆಂದಿದ್ದೆ ಸಿಸ್ಟರ್, ಅಷ್ಟರಲ್ಲಿ ಮುಂದಿನವರನ್ನು ಕರೆದರು” ಎಂದರು. ಅಮೆರಿಕದ ಸಂಶೋಧಕರಾದ ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ ಗಡಿಯಾರ ಹಿಡಿದು ನೋಡಿದ್ದರು: ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡುಗಳಿಗೆ ವೈದ್ಯರು ನಡುವೆ ಮಾತು ತೂರಿಸುತ್ತಿದ್ದರು. ನಮ್ಮ ಡಾಕ್ಟರನ್ನು ದೂರುವುದು ಸುಲಭ, ಆದರೆ ಬಾಗಿಲಲ್ಲಿ ನಿಂತು ಮುಂದಿನ ಹೆಸರು ಕೂಗುವವಳು ನಾನು. ಉಳಿಸಿದ ಎರಡು ನಿಮಿಷಕ್ಕೆ ಎರಡು ಭೇಟಿ ತೆತ್ತಿದ್ದೇವೆ. ಅವರು ತೆತ್ತದ್ದು ಬೇರೆ.

ಡಾಕ್ಟರು ಒಂದು ಅಮ್ಲೋಡಿಪಿನ್ ನಿಲ್ಲಿಸಿ, ಮೂತ್ರದ ಮಾತ್ರೆಯನ್ನೂ ತೆಗೆದರು. “ನಾಳೆಯಿಂದ ಹೇಗೆ ತೆಗೆದುಕೊಳ್ಳುತ್ತೀರಿ, ನನಗೆ ಹೇಳಿ” ಎಂದೆ. “ಬೆಳಿಗ್ಗೆ ಇದು, ರಾತ್ರಿ ಅದು” ಎಂದರು, ಎರಡೂ ಸ್ಟ್ರಿಪ್ ಎತ್ತಿ ತೋರಿಸುತ್ತಾ! ಮತ್ತೆ ಹೇಳಿದೆ, ಮತ್ತೆ ಹೇಳಿಸಿದೆ. ದುಡ್ಡು ಕೊಟ್ಟು ತಂದದ್ದನ್ನು ಬಿಸಾಡಲು ಅವರಿಗೆ ಮನಸ್ಸಿಲ್ಲ. ಕೊನೆಗೆ ಅದರ ಮೇಲೆ ಮಾರ್ಕರಿನಿಂದ ದಪ್ಪಗೆ ‘ಬೇಡ’ ಎಂದು ಬರೆದುಕೊಟ್ಟೆ. ಒಟ್ಟು ನಾಲ್ಕು ನಿಮಿಷ. ಹೊರಗೆ ಸಾಲು ಗೊಣಗುತ್ತಿತ್ತು.

ಒಳರೋಗಿಗಳ ವಿಷಯದಲ್ಲಿ ಇದೇ ಕತೆ ದೊಡ್ಡದಾಗುತ್ತದೆ. ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ರೋಗಿಗಳ ಮೇಲೆ 2009ರಲ್ಲಿ ಬಂದ ಅಧ್ಯಯನದಲ್ಲಿ, ಮನೆಗೆ ಹೋದ ಐವರಲ್ಲಿ ಸುಮಾರು ಒಬ್ಬರು 30 ದಿನದೊಳಗೆ ಮತ್ತೆ ಆಸ್ಪತ್ರೆಗೆ ದಾಖಲಾಗಿದ್ದರು. ಶಸ್ತ್ರಚಿಕಿತ್ಸೆಯಿಲ್ಲದೆ ದಾಖಲಾಗಿ ಹೀಗೆ ಮರಳಿದವರಲ್ಲಿ ಅರ್ಧದಷ್ಟು ಮಂದಿಗೆ, ಮನೆಗೆ ಹೋಗಿ ಮರಳುವ ನಡುವೆ, ಹೊರಗೆ ಯಾವ ವೈದ್ಯರನ್ನೂ ಕಂಡ ಬಿಲ್ ಇರಲಿಲ್ಲ. 2012ರಿಂದ ಅಲ್ಲಿ ಮರುದಾಖಲಾತಿ ಹೆಚ್ಚಿರುವ ಆಸ್ಪತ್ರೆಗಳಿಗೆ ಹಣ ಕಡಿತವಿದೆ. ಕಡಿತದ ಭಯಕ್ಕಾದರೂ ಯಾರೋ ಚೀಲ ಸುರಿಸಿ ನೋಡುತ್ತಾರೇನೋ. ನನಗೆ ಪೂರ್ತಿ ನಂಬಿಕೆಯಿಲ್ಲ.

ಉಳಿದ ಗೆರೆಗಳಲ್ಲಿ ಹೆಚ್ಚಿನವು “ರಿಪೋರ್ಟ್ ಬಂತೇ?” ಎಂಬ ಫೋನುಗಳು. ಒಬ್ಬಾಕೆ ಬೆಳಿಗ್ಗೆಯಿಂದ ಮೂರು ಸಲ ಮಾಡಿದ್ದರು. ಮೂರನೆಯ ಸಲ “ನೋಡಿ ನಾನೇ ಫೋನ್ ಮಾಡುತ್ತೇನಮ್ಮಾ” ಎಂದಿದ್ದೆ. ಪಾಳಿ ಮುಗಿಸಿ ಬಂದು ಇಷ್ಟು ಬರೆದ ಮೇಲೆ ಈಗ ನೆನಪಾಯಿತು. ರಿಪೋರ್ಟ್ ಬಂದಿತ್ತು, ತೊಂದರೆ ಏನಿಲ್ಲ ಎಂದೇ ಇತ್ತು, ನನ್ನ ಟ್ರೇಯಲ್ಲೇ ಇದೆ. ಆಕೆ ಇವತ್ತು ರಾತ್ರಿ ನಿದ್ದೆ ಮಾಡಿರಲಿಕ್ಕಿಲ್ಲ. ನಂಬರೂ ಅಲ್ಲೇ ಉಳಿದಿದೆ.