ಹೊಂಗ್‌ತ್ಸುನ್: ಇಳಿಜಾರಿನ ಮೇಲೆ ನಿಂತ ಊರು

ಚೀನಾದ ಆನ್‌ಹುಯಿ ಪ್ರಾಂತ್ಯದಲ್ಲಿ, ಹುವಾಂಗ್‌ಶಾನ್ ಬೆಟ್ಟಗಳ ತಪ್ಪಲಿನಲ್ಲಿ ಹೊಂಗ್‌ತ್ಸುನ್ ಇದೆ. ವಾಂಗ್ ಮನೆತನದವರು ಇಲ್ಲಿ ನೆಲೆಸಿದ್ದು 1131ರಲ್ಲಿ. ಊರು ಎತ್ತಿನ ಆಕಾರದ್ದು, ಹಿಂದಿನ ಗುಡ್ಡ ಅದರ ತಲೆ, ಕಾಲುವೆ ಅದರ ಕರುಳು ಎಂದು ಬಂದವರಿಗೆಲ್ಲ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನೀರಿನ ಲೆಕ್ಕ.

ಊರಿನ ಪಶ್ಚಿಮಕ್ಕೆ ಹರಿಯುವ ತೊರೆಗೆ ಮೇಲ್ಗಡೆ ಕಲ್ಲಿನ ಅಡ್ಡಗಟ್ಟೆ ಹಾಕಿ, ನೀರನ್ನು ಕಾಲುವೆಗೆ ತಿರುಗಿಸಿದರು. ಒಂದು ಮೀಟರಿಗೂ ಕಡಿಮೆ ಅಗಲದ ಈ ಕಾಲುವೆ ಓಣಿಗಳ ಅಂಚಿನಲ್ಲಿ ಮನೆಗಳ ಮುಂದೆಯೇ ಸಾಗುತ್ತದೆ. ಪಂಪು ಯಾವುದೂ ಇಲ್ಲ, ನೆಲದ ಇಳಿಜಾರೇ ನೀರನ್ನು ಒಯ್ಯುತ್ತದೆ. ಹರಿವು ಮೆಲ್ಲಗಿರುವುದರಿಂದ ಎಲೆ, ಹೂಳು ಬೇಗ ನಿಲ್ಲುತ್ತವೆ. ಆಗಾಗ ತೆಗೆಯದಿದ್ದರೆ ಕೆಳಗಿನ ಮನೆಗಳಿಗೆ ನೀರು ಇಳಿಯದು. ಮೇಲಿನವರು ಹೊಲಸು ಮಾಡಿದರೆ ಕೆಳಗಿನವರು ಅದನ್ನೇ ಕುಡಿಯಬೇಕಿತ್ತು. ಅದಕ್ಕೇ ಬೆಳಗ್ಗೆ ಮೊದಲು ಕುಡಿಯುವ ನೀರು ತುಂಬಿಕೊಳ್ಳುವುದು, ಎಂಟು ಗಂಟೆಯ ಮೇಲೆ ಬಟ್ಟೆ ಪಾತ್ರೆ ತೊಳೆಯುವುದು ಎಂಬ ಕಟ್ಟಳೆ ಇತ್ತು.

ಊರ ನಡುವಿನ ಅರ್ಧಚಂದ್ರಾಕಾರದ ಕೊಳ ಮಿಂಗ್ ದೊರೆ ಯೋಂಗ್ಲೆಯ ಕಾಲದ್ದು (1403–1424). ಪೂರ್ಣಚಂದ್ರನಾದರೆ ಕ್ಷೀಣಿಸಲೇಬೇಕು, ಅರ್ಧಚಂದ್ರನಿಗೆ ಇನ್ನೂ ತುಂಬುವುದಿದೆ ಎಂದು ಹಾಗೆ ತೋಡಿದರಂತೆ. ಮನೆಗಳು ಹೆಚ್ಚಿದಂತೆ ಆ ಒಂದು ಕೊಳ ಸಾಲದಾಯಿತು. 1607ರಲ್ಲಿ ಊರ ತೆಂಕಣ ತುದಿಯಲ್ಲಿ ದಕ್ಷಿಣ ಸರೋವರ ಸಿದ್ಧವಾಯಿತು. ಕಾಲುವೆಯ ನೀರು ಕೊಳ, ಸರೋವರ ದಾಟಿ ಕೊನೆಗೆ ಗದ್ದೆಗೆ ಹೋಗುತ್ತದೆ.

ನೀರು ಇಷ್ಟು ಹತ್ತಿರ ಬೇಕಾಗಿದ್ದಕ್ಕೆ ಬೆಂಕಿಯ ಭಯವೂ ಒಂದು ಕಾರಣ. ಮನೆಗಳ ಒಳಗೆಲ್ಲ ಮರದ ಕಂಬ, ತೊಲೆ. ಒಂದಕ್ಕೊಂದು ಅಂಟಿಕೊಂಡ ಗೋಡೆ. ಹಾಗಾಗಿ ಪಕ್ಕದ ಗೋಡೆಯನ್ನು ಸೂರಿಗಿಂತ ಮೇಲಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಸುಣ್ಣ ಬಳಿಯುತ್ತಿದ್ದರು. ಒಂದು ಮನೆ ಹೊತ್ತಿಕೊಂಡರೂ ಜ್ವಾಲೆ ಆಚೆಯ ಸೂರಿಗೆ ಹಾರದಿರಲಿ ಎಂದು. ನಡುವೆ ನಮ್ಮ ತೊಟ್ಟಿ ಮನೆಯಂತೆ ತೆರೆದ ಅಂಗಳ. ನಾಲ್ಕೂ ಕಡೆಯ ಸೂರಿನ ಮಳೆನೀರು ಒಳಗೇ ಬಿದ್ದರೆ ಸಂಪತ್ತೂ ಮನೆಯಲ್ಲೇ ಉಳಿಯುತ್ತದೆ ಎಂಬುದು ಹುಯಿಝೌ ಎಂಬ ಈ ಸೀಮೆಯ ವರ್ತಕರ ನಂಬಿಕೆ. ತೇವ ಮೇಲೇರಿದರೆ ಕಂಬದ ಬುಡ ಕೊಳೆಯುತ್ತದೆ, ಅದಕ್ಕೆ ಪ್ರತಿ ಕಂಬದಡಿಗೂ ಕಲ್ಲು.

ಇದಕ್ಕೆಲ್ಲ ಹಣ ಬಂದದ್ದು ಹೊರಗಿನ ವ್ಯಾಪಾರದಿಂದ. ಉಪ್ಪಿನ ವರ್ತಕ ವಾಂಗ್ ಡಿಂಗ್‌ಗುಯಿ 1855ರ ಸುಮಾರಿಗೆ ಕಟ್ಟಿಸಿದ ಚೆಂಗ್‌ಝಿ ಭವನದ ಮರಗೆತ್ತನೆ ನೋಡಿದರೆ ಆ ಸಿರಿ ತಿಳಿಯುತ್ತದೆ. 2000ದಲ್ಲಿ ನೆರೆಯ ಶೀಡಿ ಹಳ್ಳಿಯೊಡನೆ ಹೊಂಗ್‌ತ್ಸುನ್ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.