ಕಾಯಿಸದೆ ಕಬ್ಬಿನ ಹಾಲು ಉಳಿಸೋಕಾಗತ್ತಾ?

ಮಂಡ್ಯ ಕಡೆ ನಮ್ಮ ಮಾವಂದು ಆಲೆಮನೆ ಇತ್ತು. ರಜಕ್ಕೆ ಹೋದಾಗೆಲ್ಲ ಗಾಣದಿಂದ ಇಳಿಯೋ ಕಬ್ಬಿನ ಹಾಲನ್ನ ಚೊಂಬಲ್ಲಿ ಹಿಡ್ಕೊಂಡು ಅಲ್ಲೇ ನಿಂತು ಕುಡೀತಿದ್ವಿ. ಒಂದ್ಸಲ ಅಜ್ಜಿಗೂ ಇರ್ಲಿ ಅಂತ ಬಾಟ್ಲಿಗೆ ತುಂಬ್ಕೊಂಡು ಬಸ್ ಹತ್ತಿದೆ, ಮನೆ ತಲುಪೋ ಹೊತ್ತಿಗೆ ಹಸಿರಿದ್ದದ್ದು ಕಂದು ಬಣ್ಣಕ್ಕೆ ತಿರುಗಿ, ಮುಚ್ಚಳ ತೆಗೆದ್ರೆ ಹುಳಿ ವಾಸನೆ. ಅಜ್ಜಿ ಒಂದು ಗುಟುಕು ಬಾಯಿಗೆ ಹಾಕ್ಕೊಂಡು "ಕೆಟ್ಟೋಗದೆ ಕಣ್ ಮಗಾ" ಅಂದ್ರು. ಈಗ ಫುಡ್ ಟೆಕ್ನಾಲಜಿ ಓದ್ತಾ ಪ್ರಾಜೆಕ್ಟ್‌ಗೆ ಇದನ್ನೇ ಹಿಡ್ಕೊಂಡಿದ್ದೀನಿ.

ಕಬ್ಬಿನ ಹಾಲು ಕಪ್ಪಾಗೋಕೆ ಕಾರಣ ಅದ್ರೊಳಗಿರೋ ಪಾಲಿಫೀನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ, ಹೆಚ್ಚಿದ ಸೇಬು ಕಂದಾಗತ್ತಲ್ಲ, ಅದೇ ಕಥೆ. ಲೋಳೆ ಬರೋದು ಲ್ಯುಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಡೆಕ್ಸ್ಟ್ರಾನ್ ಅನ್ನೋ ಅಂಟು ಪದಾರ್ಥ ಮಾಡೋದ್ರಿಂದ. ನಿಂಬೆ ಕಿತ್ತಳೆಗಾದ್ರೆ ಅವುಗಳ ಹುಳಿಯೇ ಕಾವಲು, ಕಬ್ಬಿನ ಹಾಲಿನ ಪಿಎಚ್ (ಹುಳಿಯ ಅಳತೆ, ಹುಳಿ ಕಮ್ಮಿಯಾದಷ್ಟೂ ಏರತ್ತೆ) 5ರ ಮೇಲೇ ಇರತ್ತೆ, ಹಂಗಾಗಿ ಸೂಕ್ಷ್ಮಜೀವಿಗಳಿಗೆ ಹಬ್ಬ. ಸರಿ ಕಾಯಿಸೋಣ ಅಂದ್ರೆ ಜೋನಿ ಬೆಲ್ಲದ ವಾಸನೆ ಬಂದ್ಬಿಡತ್ತೆ, ತಾಜಾ ರುಚಿ ಹೋಯ್ತು ಅಂತಾನೇ ಲೆಕ್ಕ.

ಇಲ್ಲೇ ಕೋಲ್ಡ್ ಪ್ಲಾಸ್ಮಾ ಬರೋದು. ಪ್ಲಾಸ್ಮಾ ಅಂದ್ರೆ ಕರೆಂಟ್ ಏಟಿಗೆ ಒಂದಷ್ಟು ಎಲೆಕ್ಟ್ರಾನ್‌ಗಳು ಕಿತ್ಕೊಂಡು ಬಂದಿರೋ ಅನಿಲ. ಟ್ಯೂಬ್‌ಲೈಟ್ ಉರೀತಿರುವಾಗ ಅದ್ರೊಳಗಿರೋದೂ ಪ್ಲಾಸ್ಮಾನೇ, ಎಲೆಕ್ಟ್ರಾನ್‌ಗಳು ಸಾವಿರಾರು ಡಿಗ್ರಿ ಬಿಸಿ ಇದ್ರೂ ಉಳಿದ ಅನಿಲ ಅಷ್ಟು ಬಿಸಿಯಾಗಲ್ಲ, ಅದಕ್ಕೇ ಗಾಜು ಮುಟ್ಟಿದ್ರೆ ಕೈ ಸುಡಲ್ಲ. ನಮ್ಮ ಲ್ಯಾಬಲ್ಲಿ ಎರಡು ಎಲೆಕ್ಟ್ರೋಡ್, ಮಧ್ಯೆ ಗಾಜಿನ ತಡೆ, ಸಾವಿರಾರು ವೋಲ್ಟ್ ಕೊಟ್ರೆ ಸಂದಲ್ಲಿರೋ ಗಾಳಿ ನೇರಳೆ ಬಣ್ಣಕ್ಕೆ ಹೊಳೆಯತ್ತೆ. ಸ್ವಲ್ಪ ಹೊತ್ತಿಗೆ ಜೆರಾಕ್ಸ್ ಅಂಗಡಿ ವಾಸನೆ, ಅದು ಓಝೋನ್. 1857ರಲ್ಲಿ ಜರ್ಮನ್ ಎಂಜಿನಿಯರ್ ವರ್ನರ್ ಫಾನ್ ಸೀಮೆನ್ಸ್ ಓಝೋನ್ ತಯಾರಿಸೋಕೆ ಮಾಡಿದ ಉಪಕರಣದ ತತ್ವವೂ ಇದೇ. ಹಿಂಗೆ ಗಾಳಿಯಲ್ಲಿ ಹುಟ್ಟೋ ಓಝೋನ್, ನೈಟ್ರಿಕ್ ಆಕ್ಸೈಡ್, ಹೈಡ್ರಾಕ್ಸಿಲ್ ರಾಡಿಕಲ್ ಇವೆಲ್ಲ ಬ್ಯಾಕ್ಟೀರಿಯಾದ ಪೊರೆಗೇ ಏಟು ಕೊಡ್ತವೆ, ಕಿಣ್ವದ ಆಕಾರಾನೂ ಕೆಡಿಸ್ತವೆ.

ಮೊದಲ ಸಲ ನಾನು ಬೀಕರ್‌ಗೆ ಎರಡು ಬೆರಳೆತ್ತರ ಹಾಲು ಸುರಿದು ಟ್ರೀಟ್ ಮಾಡಿದೆ, ಮಾರನೇ ದಿನ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪ್ಲೇಟ್ ತೆಗೆದು ನೋಡಿದ್ರೆ ಕಾಲೊನಿಗಳು, ಅಂದ್ರೆ ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆಗಳು, ಹಂಗೇ ತುಂಬ್ಕೊಂಡಿದ್ವು, ಅಳು ಬಂದಿತ್ತು. ಕಾರಣ ಏನಪ್ಪಾ ಅಂದ್ರೆ ಪ್ಲಾಸ್ಮಾ ಕೆಲಸ ಮಾಡೋದು ಮೇಲ್ಮೈಯಲ್ಲಿ, ಆಳಕ್ಕೆ ಇಳಿಯೋದು ಬಹಳ ಕಮ್ಮಿ. ಜೊತೆಗೆ ಸಿಪ್ಪೆಯ ಸಣ್ಣ ಸಣ್ಣ ಚೂರಿನ ಮರೆಯಲ್ಲಿ ಬ್ಯಾಕ್ಟೀರಿಯಾ ಬಚ್ಚಿಟ್ಕೊಳ್ತವೆ. ಆಮೇಲೆ ಬಟ್ಟೇಲಿ ಎರಡು ಸಲ ಸೋಸಿ, ಪೆಟ್ರಿ ಡಿಶ್‌ನಲ್ಲಿ ತೆಳ್ಳಗೆ ಹರಡಿ ಮಾಡಿದಾಗ ಕಾಲೊನಿ ಎಣಿಸೋ ಮಟ್ಟಕ್ಕೆ ಇಳೀತು, ಆವತ್ತು ಲ್ಯಾಬಿಂದಾನೇ ಮಾವಂಗೆ ಫೋನ್ ಮಾಡಿದ್ದೆ.

ಆದ್ರೆ ಇದನ್ನ ಜಾದೂ ಅಂತ ಯಾರೂ ಮಾರಬಾರ್ದು. ಟೈಮ್ ಜಾಸ್ತಿ ಕೊಟ್ರೆ ಅದೇ ಓಝೋನ್ ವಿಟಮಿನ್ ಸಿ ತಿಂದ್ಹಾಕತ್ತೆ, ಬಣ್ಣ ಪೇಲವ ಆಗತ್ತೆ, ಗಾಳಿಯ ನೈಟ್ರೋಜನ್‌ನಿಂದ ಜ್ಯೂಸಲ್ಲಿ ನೈಟ್ರೇಟ್ ನೈಟ್ರೈಟ್ ಸೇರ್ಕೊಳತ್ತೆ, ಅದನ್ನ ಅಳೀಲೇಬೇಕು. ಅದಕ್ಕೇ ನಮ್ಮ ಗೈಡ್ ಸ್ಯಾಂಪಲ್ ಕುಡಿಯೋಕೆ ಬಿಡಲ್ಲ, ಮೂಸಿ ನೋಡೋದಷ್ಟೇ. 1996ರಲ್ಲಿ ಅಮೆರಿಕದಲ್ಲಿ ಪಾಶ್ಚರೀಕರಿಸದ ಸೇಬಿನ ಜ್ಯೂಸಲ್ಲಿದ್ದ ಇ. ಕೋಲೈ ಬ್ಯಾಕ್ಟೀರಿಯಾದಿಂದ ಒಂದು ಮಗು ತೀರ್ಕೊಂಡಿತ್ತು, ಅಂಥವೆಲ್ಲ ಆದ್ಮೇಲೆ 2001ರಲ್ಲಿ ಅಲ್ಲಿ ನಿಯಮ ಬಂತು, ಅಪಾಯದ ಬ್ಯಾಕ್ಟೀರಿಯಾ 1 ಲಕ್ಷ ಇದ್ದದ್ದು 1ಕ್ಕೆ ಇಳೀಬೇಕು ಅಂತ. ನನ್ನ ಕಬ್ಬಿನ ಹಾಲು ಆ ಮಟ್ಟಕ್ಕೆ ಇನ್ನೂ ಬಂದಿಲ್ಲ, ಬರೋವರೆಗೂ ಯಾರ ಲೋಟಕ್ಕೂ ಹಾಕಲ್ಲ.

ಈ ವಾರ ಪ್ಲಾಸ್ಮಾ ಹಾಯಿಸಿದ ಗಾಳಿಯನ್ನ ಹಾಲಿನೊಳಕ್ಕೇ ಗುಳ್ಳೆ ಗುಳ್ಳೆಯಾಗಿ ಬಿಡೋ ಸೆಟಪ್ ಜೋಡಿಸ್ತಿದ್ದೀನಿ, ಆಗ ತಳದವರೆಗೂ ತಲುಪತ್ತೆ. ತೊಂದರೆ ಅಂದ್ರೆ ನೊರೆ, ಎರಡು ನಿಮಿಷಕ್ಕೆ ಉಕ್ಕಿ ಟೇಬಲ್ ತುಂಬಾ ಹರೀತಿದೆ. ಆಲೆಮನೇಲಿ ಕೊಪ್ಪರಿಗೆ ಉಕ್ಕಿದ್ರೆ ಮಾವ ಒಂದು ತೊಟ್ಟು ಹರಳೆಣ್ಣೆ ಬಿಡ್ತಿದ್ರು, ಸುಮ್ಮನೆ ಇಳಿದ್ಬಿಡ್ತಿತ್ತು. ಕುಡಿಯೋ ಹಾಲಿಗೆ ನಾನು ಹರಳೆಣ್ಣೆ ಬಿಡೋ ಹಾಗಿಲ್ಲ. ನೊರೆ ಇಳಿಸೋಕೆ ಬೇರೆ ಉಪಾಯ ಗೊತ್ತಿದ್ರೆ ದಯವಿಟ್ಟು ಹೇಳಿ.